ಬೆನೆಡಿಕ್ಟಾ ಬಾಯಿಯ ನಾಲಗೆ ಉಪವಾಸ

ಕಡಬದ ಬೆನೆಡಿಕ್ಟಾ ಬಾಯಿಯ ಮನೆಯಲ್ಲಿ ಬಂಗುಡೆ ಮೀನಿನ ಸಾರಿಗೆ ಉಪ್ಪು ಹೆಚ್ಚಾದದ್ದು ಸಾಮಾನ್ಯ ಘಟನೆಯಲ್ಲ. ಹಾಗೆ ಆಗಕೂಡದೆಂದು ಅಲ್ಲಿ ಮೂವತ್ತು ವರ್ಷಗಳಿಂದ ಕಾನೂನಿತ್ತು. ಆ ದಿನ ಸೊಸೆ ಶರ್ಲೆಟ್ ತೀರಿಕೊಂಡ ತನ್ನ ತಾಯಿಯ ತಿಂಗಳ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವಳು, ಸೀರೆಯನ್ನೂ ಬದಲಿಸದೆ ಒಲೆಯ ಮುಂದೆ ನಿಂತಿದ್ದಳು. ಬಾಯಿ ಒಂದು ತುತ್ತು ಉಂಡು ಬಟ್ಟಲು ಸರಿಸಿದರು.

"ಅಮ್ಮನಿಗೆ ಅಂತ ಅತ್ತದ್ದನ್ನೆಲ್ಲ ಸಾರಿಗೇ ಸುರಿದೆಯಾ ಹೇಗೆ?"

ಮಾತು ಚೆನ್ನಾಗಿ ಬಂತೆಂದು ಅವರಿಗೇ ಒಂದು ಕ್ಷಣ ಅನ್ನಿಸಿತು. ಮಗ ಸಿಪ್ರಿಯನ್ ತಲೆ ಎತ್ತಲಿಲ್ಲ. ಶರ್ಲೆಟ್ ಅಳಲಿಲ್ಲ, ಅತ್ತರೆ ಅದಕ್ಕೂ ಒಂದು ಮಾತು ಸಿದ್ಧವಿರುತ್ತದೆಂದು ಅವಳಿಗೆ ಗೊತ್ತಿತ್ತು.

ಸಂಜೆ ಜಪಸರ ಮುಗಿದ ಮೇಲೆ ಕಿರಿಯರು ಹಿರಿಯರೆದುರು ಕೈಜೋಡಿಸಿ 'ಬೆಸಾಂವ್ ದೀ' ಎಂದು ಆಶೀರ್ವಾದ ಬೇಡುವುದು ಆ ಮನೆಯ ಪದ್ಧತಿ. ಅಂದು ಶರ್ಲೆಟ್ ಬೇಡಲಿಲ್ಲ. ಮೇಣದಬತ್ತಿ ಊದಿ ಒಳಗೆ ಹೋದಳು. ಮರುದಿನವೂ... ಅದರ ಮರುದಿನವೂ...!

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗಿತ್ತು. ಬಾಯಿ ಪಾಪನಿವೇದನೆಗೆ ಹೋದರು. "ಈಸ್ಟರ್ ತನಕ ಚುಚ್ಚುವ ಮಾತು ಒಂದೂ ಬೇಡ ಬಾಯಮ್ಮ, ಮೃದುವಾಗಿ ಮಾತಾಡ್ಲಿಕ್ಕೆ ಕಲಿಯಿರಿ" ಎಂದರು ಪಾದ್ರಿಗಳು. ಮೊದಲರ್ಧವನ್ನು ಬಾಯಿ ಅಕ್ಷರಶಃ ಪಾಲಿಸಿದರು. ಆದರೆ ಚುಚ್ಚುವುದನ್ನು ತೆಗೆದಿಟ್ಟ ಮೇಲೆ ಬಾಯಲ್ಲಿ ಉಳಿದದ್ದು ಏನೂ ಇರಲಿಲ್ಲ! ನಾಲ್ಕು ವಾರ ಅವರು ತುಟಿ ಬಿಚ್ಚಲಿಲ್ಲ.

"ಎಂತ ಬಾಯಮ್ಮ, ಹಲ್ಲು ನೋವಾ?" ಎಂದು ಪಕ್ಕದ ಮನೆಯ ಶೀಲಾವತಿ ಬೇಲಿಯಾಚೆಯಿಂದ ವಿಚಾರಿಸಿದಳು. ಶರ್ಲೆಟ್ ವಿಚಾರಿಸಲಿಲ್ಲ. ಅತ್ತೆಯ ಮೌನ ತನಗೆ ವಿಧಿಸಿದ ಶಿಕ್ಷೆಯೆಂದೇ ತಿಳಿದಳು. ಐದನೆಯ ವಾರ ಅಂಗಳಕ್ಕೆ ಟೆಂಪೊ ಬಂತು. ಸಿಪ್ರಿಯನ್ ಪುತ್ತೂರಿನಲ್ಲಿ ಬಾಡಿಗೆ ಮನೆ ಗೊತ್ತು ಮಾಡಿದ್ದ.

ಕೊನೆಯ ಚೀಲ ಹಿಡಿದು ಶರ್ಲೆಟ್ ಹೊಸ್ತಿಲಲ್ಲಿ ತಿರುಗಿ ನಿಂತಳು. "ಬೈಯುದಾದ್ರೂ ಬೈಯಿರಿ ಮಾಂಯ್! ಈ ಮನೆಯಲ್ಲಿ ನಾನು ಉಂಟು ಅಂತ ನನಗೆ ಗೊತ್ತಾಗ್ಲಿ!"

"ಫಾದರ್ ಹೇಳಿದ್ದಾರೆ... ಚುಚ್ಚಬಾರ್ದು ಅಂತ."

"ಒಳ್ಳೆ ಮಾತೂ ಬೇಡ ಅಂತ ಹೇಳಿದ್ದಾರಾ?"

ಬಾಯಿ ಒಳ್ಳೆಯ ಮಾತಿಗಾಗಿ ಹುಡುಕಿದರು. "ನಿನ್ನ ಅಮ್ಮ... ಬಂಗುಡೆ ಒಳ್ಳೆದು ಮಾಡ್ತಿದ್ರು. ನಿನ್ನದೂ ಅದೇ ಕೈ. ಆ ದಿನ ನಾನು ಹೇಳಿದ್ದು... ತಪ್ಪಾಯ್ತು ಮಗಾ. ನನಗೆ ಒಳ್ಳೆದು ಹೇಳ್ಲಿಕ್ಕೆ ಯಾರೂ ಕಲಿಸಲಿಲ್ಲ."

ಚೀಲ ಕೆಳಗಿಳಿಯಿತು. ಶರ್ಲೆಟಳ ಕಣ್ಣು ತುಂಬಿ ಬಂತು... ಬಾಯಿ ಅದಕ್ಕೆ ಏನೂ ಹೇಳಲಿಲ್ಲ.

"ಹೋಗುದು ಹೋಗುದೇ ಮಾಂಯ್. ಆದ್ರೆ ಈಗ ಸಿಟ್ಟಲ್ಲಿ ಅಲ್ಲ." ಅವಳು ಕೈಜೋಡಿಸಿ ತಲೆ ಬಾಗಿದಳು. "ಬೆಸಾಂವ್ ದೀ."

ಬಾಯಿ ಅವಳ ನೆತ್ತಿಯ ಮೇಲೆ ಕೈಯಿಟ್ಟರು. "ದೇವರು ಒಳ್ಳೆದು ಮಾಡ್ಲಿ."

ಆ ಸಂಜೆ ಜಪಸರ ಹೇಳಿಕೊಡುವವರೂ ಮರುನುಡಿಯುವವರೂ ಬಾಯಿಯೇ ಆದರು. ಸಿಪ್ರಿಯನ್ ಮತ್ತು ಶರ್ಲೆಟ್ ಪುತ್ತೂರಿನಲ್ಲೇ ಉಳಿದರು.