ಓಡುವ ವ್ಯಾನಿನ ಬ್ಯಾಟರಿ ತಂತಿ

ದಿನವೂ ಕೂಲಿಗೆ ಕರೆದೊಯ್ಯುವ ಎಸ್ಟೇಟ್ ಹೆಂಗಸರು ಕಾಲಲ್ಲಿ ತಂದ ಕೆಸರನ್ನು ಗಂಗಾಮಣಿ ತನ್ನ ವ್ಯಾನಿನೊಳಗಿಂದ ಗುಡಿಸಿ ಹಾಕುತ್ತಿದ್ದಳು. ಹಿಂದೆ ಯಾರೋ ಕೆಮ್ಮಿದರು. ತಿರುಗುವ ಮೊದಲೇ ಅವಳಿಗೆ ಯಾರೆಂದು ಗೊತ್ತಾಯಿತು.

ಶಿವು. ಬಾಳ್ಳುಪೇಟೆಯ ಆಟೋ ಎಲೆಕ್ಟ್ರಿಷಿಯನ್. ಸುಮಾರು ದಿನದಿಂದ ಅವನ ಫೋನನ್ನು ಅವಳು ಎತ್ತಿರಲಿಲ್ಲ.

"ಫೋನ್ ಕೆಟ್ಟೋಗೈತಾ, ಇಲ್ಲ ನಾನೇ ಕೆಟ್ಟೋದ್ನಾ?"

"ನೀ ಹಾಕಿದ ಹೊಸ ಬ್ಯಾಟರಿ ಕೆಟ್ಟೈತೆ. ಬೆಳಗ್ಗೆ ಹೆಂಗಸ್ರೆಲ್ಲ ಸೇರಿ ತಳ್ಳಿದ್ರು. ನಿನ್ನ ವ್ಯಾನ್‌ಗಿಂತ ನಮ್ಮ ಎತ್ತೇ ವಾಸಿ ಕಣೆ ಅಂದ್ಲು ಮಾದೇವಮ್ಮ."

ಅವನು ನಗಲಿಲ್ಲ. ಯಾವಾಗಲೂ ಜೇಬಿನಲ್ಲಿರುವ ಕರೆಂಟ್ ಅಳೆಯುವ ಮೀಟರು ತೆಗೆದು ಬ್ಯಾಟರಿಯತ್ತ ಬಗ್ಗಿದ.

ಇವನು ಬಂದದ್ದು ನನಗಾಗಿಯೋ, ವ್ಯಾನಿಗಾಗಿಯೋ...

ಮದುವೆಯಾಗು ಎಂದು ಕೇಳಿದವನು ಇವನೇ. ಒಪ್ಪಿಗೆಯನ್ನು ಹುಡುಗಿಯೇ ತನ್ನ ಕೈಯಾರೆ ಬರೆದು ಕಳಿಸಲಿ ಎಂದವಳು ಇವನ ತಾಯಿ ಚೌಡಮ್ಮ. ಆಕೆಯ ಮದುವೆಯಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲವಂತೆ. ಗಂಗಾಮಣಿ ಬರೆದೂ ಆಗಿತ್ತು. ಬರೆದ ಮೇಲೆ ದಿಗಿಲು, ಅಂಚೆಗೆ ಹಾಕಲಿಲ್ಲ. ನಾನು ಸುಮ್ಮನಾದರೆ ಇವನೂ ಸುಮ್ಮನಾಗುತ್ತಾನೋ, ನೋಡೋಣ ಎಂದುಕೊಂಡಿದ್ದಳು. ಈಗ ಎದುರಿಗೆ ನಿಂತಿದ್ದಾನೆ, ಆದರೂ ಏನೂ ತಿಳಿಯುತ್ತಿಲ್ಲ...

"ಬ್ಯಾಟರಿ ಕೆಟ್ಟಿಲ್ಲ, ಖಾಲಿಯಾಗೈತೆ. ಆಲ್ಟರ್ನೇಟರ್ ಸುಟ್ಟೋಗೈತೆ."

"ಎರಡಕ್ಕೂ ಏನ್ ಸಂಬಂಧ?"

"ಸ್ಟಾರ್ಟ್ ಮಾಡೋಕೆ ಬ್ಯಾಟರಿ ಕೊಡ್ತದೆ. ಎಂಜಿನ್ ತಿರುಗಿದ್ ಮೇಲೆ ಆಲ್ಟರ್ನೇಟರು ಕರೆಂಟ್ ಹುಟ್ಟಿಸಿ ಲೈಟು-ಗೀಟು ನೋಡ್ಕಂಡು, ಬ್ಯಾಟರೀನೂ ತುಂಬ್ತದೆ. ಆದ್ರೆ ಅದು ಏಳೋಕೂ ಮೊದ್ಲು ಬ್ಯಾಟರಿಯಿಂದ ಚೂರು ಕರೆಂಟ್ ಬೇಕು."

"ಹಂಗಾದ್ರೆ ಯಾರು ಯಾರಿಗೆ ಕೊಡೋದು? ನಂಗೆ ಒಂದೂ ತಿಳೀಲಿಲ್ಲ ಮಾರಾಯ."

"ಇಬ್ರೂ ಕೊಡ್ಬೇಕು. ಅದಿರ್ಲಿ, ವ್ಯಾನ್ ಓಡ್ತಿದ್ದಾಗ ಬ್ಯಾಟರಿ ತಂತಿ ಕಿತ್ತಿದ್ಯಾ?"

ಅವಳು ತಲೆ ತಗ್ಗಿಸಿದಳು. "ಲಾರಿ ಚಂದ್ರಯ್ಯ ಹೇಳಿದ್ರು. ಕಿತ್ತ ಮೇಲೂ ಎಂಜಿನ್ ನಿಲ್ದಿದ್ರೆ ಆಲ್ಟರ್ನೇಟರ್ ಚೆನ್ನಾಗೈತೆ ಅಂತ. ನಿಲ್ಲಲಿಲ್ಲ..."

"ಘಟ್ಟದ ಡ್ರೈವರುಗಳೆಲ್ಲ ಹಿಂಗೇ ಪರೀಕ್ಷೆ ಮಾಡಿ ಕೆಡಿಸ್ತಾರೆ. ಚೆನ್ನಾಗೇ ಇತ್ತು ಕಣೆ. ತಂತಿ ಕಿತ್ತಾಗ ಕರೆಂಟ್ ಹೋಗೋಕೆ ಜಾಗ ಸಿಗ್ದೆ ಉಕ್ಕಿ ಅದನ್ನೇ ಸುಟ್ಬುಡ್ತು."



"ಫೋನೂ ಅದಕ್ಕೇ ಎತ್ಲಿಲ್ಲ," ಎಂದಳು ಗಂಗಾಮಣಿ. "ನೀನು ನಿಲ್ತೀಯೋ, ಹೋಗ್ತೀಯೋ ನೋಡೋಣ ಅಂತ."

ಶಿವು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ನಿಂಗೆ ನಾ ಬ್ಯಾಡ ಅನ್ಕಂಡೆ. ಕಾಗದ ಬರಲ್ಲ ಕಣವ್ವ ಅಂತ ಇವತ್ತೇ ಅವ್ವಂಗೆ ಹೇಳ್ಬುಡೋಣ ಅಂತಿದ್ದೆ. ಅದಕ್ ಮುಂಚೆ ಒಂದ್ ಸಲ ನಿನ್ ಮುಖ ನೋಡೋಣ ಅಂತ ಬಂದೆ."

ಹಾಗಾದರೆ ಬರುವಾಗ ವ್ಯಾನು ಕೆಟ್ಟದ್ದು ಇವನಿಗೆ ಗೊತ್ತೇ ಇರಲಿಲ್ಲ, ಬಂದದ್ದು ನನಗಾಗಿಯೇ!

ಅವಳು ಪೊರಕೆ ಬಿಸುಟು ಮನೆಯೊಳಗೆ ಓಡಿದಳು. ಬರೆದಿಟ್ಟಿದ್ದ ಕಾಗದದ ಲಕೋಟೆ ಹಿಡಿದು ಬಂದವಳು ನಿಲ್ಲದೆ ಯಸಳೂರಿನ ಅಂಚೆ ಡಬ್ಬದತ್ತ ನಡೆದಳು. ಅವನು ಹಿಂದೆಯೇ ಬಂದ.

"ನಾನೇ ಇಲ್ಲಿದೀನಲ್ಲೆ, ಕೈಗೇ ಕೊಡು."

"ನಿಂಗಲ್ಲ ಇದು. ನಮ್ಮತ್ತೆಗೆ. ಅಂಚೇಲೇ ಹೋಗ್ಲಿ."

ಶಿವು ನಿಂತಲ್ಲೇ ನಿಂತ. "ಯಾರಿಗೆ ಅಂದೆ?"

"ಕೇಳಿಸ್ತಲ್ಲ."

"ಇನ್ನೊಂದ್ ಸಲ ಹೇಳೆ..."

ಗಂಗಾಮಣಿ ಹೇಳಲಿಲ್ಲ. ಲಕೋಟೆಯನ್ನು ಡಬ್ಬದ ಬಾಯಿಗಿಟ್ಟು, ಅವನ ಮುಖ ನೋಡುತ್ತಲೇ ಕೈಬಿಟ್ಟಳು.