ಅಜ್ಜಿಯ ಗೇಣು, ನನ್ನ ಗೇಣು

"ನಿಮಗೆ ಕೂಲರ್ ಬೇಡ ಮೇಡಂ."

ತ್ರಿವಿಕ್ರಮ ನನ್ನೊಡನೆ ಆಡಿದ ಮೊದಲ ಮಾತು ಇದು. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಶಿವಮೊಗ್ಗದ ದುರ್ಗಿಗುಡಿಯ ಬಿಸಿಲಲ್ಲಿ ನಡೆದು, ಕಂಪ್ಯೂಟರ್ ಅಂಗಡಿಯ ಕಿರಿದಾದ ಮೆಟ್ಟಿಲು ಹತ್ತಿ, ಕಾದ ಕಂಪ್ಯೂಟರನ್ನು ತಂಪು ಮಾಡುವ ಕೂಲರ್ ಕೇಳಿದವಳಿಗೆ ಹೇಳುವ ಮಾತೇ? ಕೌಂಟರಿನ ಹಿಂದೆ ನಿಂತಿದ್ದ ಅವನ ಕೈಯಲ್ಲಿ ಸಣ್ಣದೊಂದು ಬ್ರಷ್ ಇತ್ತು. ಯಾರದೋ ಹಳೆಯ ಫ್ಯಾನಿನ ರೆಕ್ಕೆಗಳ ಧೂಳನ್ನು, ಮಗುವಿನ ಕಿವಿ ಒರೆಸುವವನ ಹಾಗೆ, ನಿಧಾನಕ್ಕೆ ತೆಗೆಯುತ್ತಿದ್ದ.

"ಯಾಕೆ ಬೇಡ?"

"ಓವರ್‌ಕ್ಲಾಕ್ ಮಾಡಿದೀವಿ ಅಂದ್ರಲ್ಲ. ಕಂಪನಿಯವರು ಇಟ್ಟಿರೋ ಸ್ಪೀಡಿಗಿಂತ ಜಾಸ್ತಿ ಓಡಿಸ್ತಿದೀರ, ಅದಕ್ಕೇ ಪ್ರೊಸೆಸರ್ ಕಾದು ಕಂಪ್ಯೂಟರ್ ಆಫ್ ಆಗ್ತಿದೆ. ಸ್ಪೀಡ್ ಇಳಿಸಿ. ಜೊತೆಗೆ ಬಂದಿರೋ ಸಣ್ಣ ಫ್ಯಾನೇ ಸಾಕು."

"ಇಳಿಸಿದ್ರೆ ನನ್ನ ಕೆಲಸ ಮುಗಿಯೋದು ಸೋಮವಾರ. ನನಗೆ ಶನಿವಾರ ಸಂಜೆಗೆ ಬೇಕು."

"ಓವರ್‌ಕ್ಲಾಕ್ ಮಾಡಿಕೊಟ್ಟೋರು ಯಾರು?"

"ನಾನೇ."

ಬ್ರಷ್ ನಿಂತಿತು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರರು ಕುದುರೆಯಿಂದ ಇಳಿದು ನೋಡುತ್ತಾರೆ. ಇವನು ಕನ್ನಡಕವನ್ನು ಹಣೆಗೇರಿಸಿ ನೋಡಿದ. ಬರಿಗಣ್ಣಿಗೆ ಎಷ್ಟು ಕಾಣಿಸಿತೋ ಗೊತ್ತಿಲ್ಲ, ಆದರೆ ಸ್ವಲ್ಪ ಹೊತ್ತು ನೋಡಿದ.

"ಕೆಲಸ ಏನು?" ಎಂದು ಕೇಳಿದ, ಈಗ ಬೇರೆ ದನಿಯಲ್ಲಿ.

ಹೇಳಿದೆ. ನಾನು ಅಕ್ಷಯಾ, ನನ್ನ ಅಜ್ಜಿ ಹಾಲಮ್ಮ. ಅಜ್ಜಿ ಹೇಳಿದ ಒಂದು ಕಥೆಗೆ, ಅವಳದೇ ದನಿ ಇಟ್ಟುಕೊಂಡು, ಅನಿಮೇಷನ್ ಮಾಡಿದ್ದೇನೆ. ಮೈಸೂರಿನ ಒಂದು ಮಕ್ಕಳ ಚಾನೆಲ್‌ನವರು ಶನಿವಾರ ಸಂಜೆಯೊಳಗೆ ಕಳಿಸಲು ಹೇಳಿದ್ದಾರೆ. ಹಿಡಿಸಿದರೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಸೋಮವಾರದಿಂದ ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಸೇರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಾಗಿದೆ. ಚಿತ್ರಗಳೆಲ್ಲ ಮುಗಿದಿವೆ. ಅವನ್ನು ಕಂಪ್ಯೂಟರ್ ಒಂದೊಂದಾಗಿ ಲೆಕ್ಕ ಹಾಕಿ ಸಿನಿಮಾ ಮಾಡಬೇಕು, ಅಷ್ಟೇ ಬಾಕಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಆಫ್ ಆಗುತ್ತದೆ.

"ಯಾವ ಜಾಗ?"

"ಒಲೆ ಆರಿಹೋಯ್ತು ಅಂತ ಹುಡುಗಿ ಗುಡ್ಡದಾಚೆ ರಾಕ್ಷಸಿ ಮನೆಗೆ ಕೆಂಡ ಕೇಳೋಕೆ ಹೋಗ್ತಾಳೆ. ಸೆರಗಲ್ಲಿ ಒಯ್ಯೋದಾದ್ರೆ ಒಯ್ಯಿ ಅಂತಾಳೆ ರಾಕ್ಷಸಿ. ಹುಡುಗಿ ಸೆರಗು ಒಡ್ತಾಳೆ. ಅಲ್ಲಿ."

"ಸೆರಗು ಸುಡುತ್ತಾ?"

"ಸೆರಗು ಸುಡಲ್ಲ. ಪ್ರೊಸೆಸರ್ ಸುಡುತ್ತೆ."

ಅವನು ನಕ್ಕ. ಗಲ್ಲಾಪೆಟ್ಟಿಗೆಯ ಹತ್ತಿರ ಪೇಪರ್ ಓದುತ್ತಿದ್ದ ಅಂಗಡಿಯ ಯಜಮಾನರು ವಿಶ್ವಾರಾಧ್ಯರು ಕೂಡ ಪೇಪರಿನ ಹಿಂದೆ ನಕ್ಕರು. ಒಂದೊಂದು ಕಿಡಿಗೂ ಬೇರೆ ಬೇರೆ ಲೆಕ್ಕ, ಕಿಡಿಗಳು ಸಾವಿರಾರು, ಅದಕ್ಕೇ ಅಲ್ಲಿ ಭಾರ ಹೆಚ್ಚು ಎಂದು ನಾನು ವಿವರಿಸುವ ಮೊದಲೇ ಅವನು ಡಬ್ಬಿಗಳನ್ನು ಇಳಿಸತೊಡಗಿದ್ದ. ಎರಡು ಸಾವಿರದೊಳಗೆ ಎಂದಿದ್ದೆ.

"ಇದು ನೀರು ಹರಿಯೋದು. ನೋಡೋಕೆ ಚೆಂದ, ನಿಮಗಲ್ಲ. ಇದರ ದುಡ್ಡಿಗೆ ಇನ್ನೊಂದು ಪ್ರೊಸೆಸರ್ರೇ ಬರುತ್ತೆ." ಅದನ್ನು ಪಕ್ಕಕ್ಕಿಟ್ಟ. "ಇದು ನೋಡಿ. ನಾಲ್ಕು ತಾಮ್ರದ ಪೈಪು, ದೊಡ್ಡ ಫ್ಯಾನು. ನಿಮ್ಮ ಬಜೆಟ್ಟಿಗೆ ಇದಕ್ಕಿಂತ ಒಳ್ಳೇದಿಲ್ಲ."

ತಗಡಿನ ಮೇಲೆ ತಗಡು ಕೂರಿಸಿದ ಉಪ್ಪರಿಗೆಯ ಹಾಗಿತ್ತು ಅದು. ಅದರ ತುದಿಯಲ್ಲೊಬ್ಬಳು ರಾಜಕುಮಾರಿಯನ್ನು ನಿಲ್ಲಿಸಬಹುದು ಎಂದುಕೊಂಡೆ.

"ಆದ್ರೆ ಎತ್ತರ ಜಾಸ್ತಿ. ನಿಮ್ಮ ಕ್ಯಾಬಿನೆಟ್ ಒಳಗೆ ಹಿಡಿಯುತ್ತಾ? ಮದರ್‌ಬೋರ್ಡಿಂದ ಬಾಗಿಲ ತನಕ ಎಷ್ಟು ಜಾಗ ಇದೆ?"

ಗೊತ್ತಿರಲಿಲ್ಲ. ಫೋನಿನಲ್ಲಿದ್ದ ಕಂಪ್ಯೂಟರ್ ಪೆಟ್ಟಿಗೆಯ ಫೋಟೋ ತೋರಿಸಿದೆ. ಅವನು ಅದನ್ನು ದೊಡ್ಡದು ಮಾಡಿ ನೋಡಿ, "ಫೋಟೋದಲ್ಲಿ ಅಳೆಯೋಕಾಗಲ್ಲ" ಎಂದ. ಮನೆಗೆ ಫೋನ್ ಮಾಡಿದೆ. ಪ್ಲಗ್ ಕಿತ್ತು, ಬಾಗಿಲು ತೆಗೆದಿಟ್ಟೇ ಬಂದಿದ್ದೆ. ಅಜ್ಜಿಗೆ ಟೇಪು ಸಿಗಲಿಲ್ಲ, ಹುಡುಕಲೂ ಇಲ್ಲ. ಮನೆಯಲ್ಲಿ ಕಿಟಕಿ ಪರದೆಯಿಂದ ಹಿಡಿದು ತೊಟ್ಟಿಲ ತನಕ ಅವಳು ಅಳೆಯುವುದು ಕೈಯಲ್ಲೇ.

"ಒಂದು ಗೇಣಿಗೆ ಎರಡು ಬೆರಳು ಕಮ್ಮಿ ಕಣೇ," ಎಂದಳು ಸ್ಪೀಕರಿನಲ್ಲಿ. "ಒಳಗೆಲ್ಲ ಧೂಳು, ಒರಸ್ಲಾ?"

"ಮುಟ್ಬೇಡ ಅಜ್ಜಿ, ಇಟ್ಬಿಡು."

ತ್ರಿವಿಕ್ರಮ ಗಂಭೀರವಾಗಿ ಯೋಚಿಸಿದ. "ನಿಮ್ಮ ಅಜ್ಜಿ ಗೇಣು ಎಷ್ಟು?"

"ನನ್ನ ಕೈ ಅಚ್ಚು ತನ್ನ ಕೈ ಹಾಗೇ ಅಂತ ಯಾವಾಗ್ಲೂ ಹೇಳ್ತಿರ್ತಾಳೆ."

"ಹಾಗಾದ್ರೆ ಇಡಿ ಇಲ್ಲಿ."

ಕೌಂಟರಿನ ಗಾಜಿನ ಮೇಲೆ ಕೈಯಿಟ್ಟು ಬೆರಳು ಅಗಲಿಸಿದೆ. ಅವನು ಸ್ಟೀಲ್ ಸ್ಕೇಲನ್ನು ನನ್ನ ಹೆಬ್ಬೆರಳಿಂದ ಕಿರುಬೆರಳಿಗೆ ಸರಿಸಿದ. ತಾಗಲಿಲ್ಲ. ತಾಗದ ಹಾಗೆ ಎಷ್ಟು ಎಚ್ಚರ ವಹಿಸಿದನೆಂದರೆ ಆ ಎಚ್ಚರವೇ ತಾಗಿದ ಹಾಗಾಯಿತು. ನನ್ನ ಉಗುರಿಗೆ ಅಂಟಿದ್ದ ನೀಲಿ ಬಣ್ಣವನ್ನು ಅವನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ.

"ಅದೇನೋ ತ್ರಿವಿಕ್ರಮ ಅಳತೆ," ಎಂದರು ವಿಶ್ವಾರಾಧ್ಯರು. "ಬ್ಲೌಸ್ ಹೊಲಿತೀಯಾ?"

"ಹದಿನೇಳೂವರೆ ಸೆಂಟಿಮೀಟರ್," ಎಂದ ಅವನು, ಕಿವಿ ಕೆಂಪಾಗಿ. "ಎರಡು ಬೆರಳು ಕಳೆದ್ರೆ ಹದಿನಾಲ್ಕೂವರೆ. ದೊಡ್ಡದು ಹಿಡಿಯಲ್ಲ ಮೇಡಂ. ಈ ಸಣ್ಣದು ತಗೊಳ್ಳಿ. ಸಾಕಾಗ್ಬೇಕು."

ನಿಮಗೆ ಆ ಹೆಸರಿಟ್ಟವರು ಯಾರು, ಆ ಹೆಸರಿನ ದೇವರು ಮೂರು ಲೋಕ ಮೀರಿ ಬೆಳೆದ, ನೀವು ಕ್ಯಾಬಿನೆಟ್ ಬಾಗಿಲಿಗೇ ನಿಂತಿರಿ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹೇಳಿದ್ದರೆ ಅವನು ಏನನ್ನುತ್ತಿದ್ದ ಎಂದು ಊರು ಬರುವ ತನಕ ಯೋಚಿಸಿದೆ.

*

ಸಂಜೆ ನಾನೇ ಕೂಲರ್ ಕೂರಿಸಿದೆ. ಬೂದು ಬಣ್ಣದ ಪೇಸ್ಟನ್ನು ಪ್ರೊಸೆಸರ್ ಮೇಲೆ ಬಟಾಣಿಯಷ್ಟು ಹಾಕಿ, ಸ್ಕ್ರೂ ಬಿಗಿದೆ. ಗುರುವಾರ ಇಡೀ ದಿನ ಚೆನ್ನಾಗಿ ಓಡಿತು. ಹುಡುಗಿ ಗುಡ್ಡ ಹತ್ತಿದಳು, ಇಳಿದಳು, ರಾಕ್ಷಸಿಯ ಬಾಗಿಲು ತಟ್ಟಿದಳು. ಶುಕ್ರವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಪರದೆಯ ಮುಂದೆ ಕೂತೆ. ಸೆರಗು ಒಡ್ಡಿದಳು. ಶಾಖ ತೊಂಬತ್ತು ಡಿಗ್ರಿ, ತೊಂಬತ್ತೆರಡು, ತೊಂಬತ್ತೈದು. ಪರದೆ ಕಪ್ಪಾಯಿತು.

ಹೊರಗೆ ಏಪ್ರಿಲ್ ಬಿಸಿಲು ಆಗಲೇ ಅಂಗಳಕ್ಕೆ ಬಂದಿತ್ತು. ಅಮ್ಮ ಕೋಚಿಂಗ್ ಸೆಂಟರಿನ ಪಾಂಪ್ಲೆಟನ್ನು ಮೇಜಿನ ಮೇಲಿಂದ ತೆಗೆದು ಮಡಚಿ ಒಳಗಿಟ್ಟಳು. ಬೈದಿದ್ದರೆ ವಾಸಿ ಅನ್ನಿಸಿತು.

ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ.

"ಸಣ್ಣದು ತಡೀಲಿಲ್ಲ. ಮತ್ತೆ ಅಲ್ಲೇ ಆಫ್ ಆಯ್ತು."

ಆ ಕಡೆ ಅವನು ಕೀಬೋರ್ಡಿನಲ್ಲಿ ಏನನ್ನೋ ಒತ್ತಿದ ಸದ್ದು ಬಂತು. ಅಂಗಡಿ ಕೆಳಗಿನ ಆಟೋಗಳ ಹಾರ್ನೂ ಕೇಳುತ್ತಿತ್ತು.

"ನಾನು ಬರ್ತೀನಿ," ಎಂದ. "ದೊಡ್ಡದು ತರ್ತೀನಿ. ಹಿಡಿಯುತ್ತೆ."

"ಹಿಡಿಯಲ್ಲ ಅಂದಿದ್ರಿ."

"ಬಂದು ಹೇಳ್ತೀನಿ. ಮನೆ ಎಲ್ಲಿ?"

ಬೈಕಿನಲ್ಲಿ ಬಂದ, ಹೊಸಮನೆ ಬಡಾವಣೆಯ ನಮ್ಮ ಬೀದಿಗೆ, ಹೆಲ್ಮೆಟ್ಟಿನೊಳಗೆ ಬೆವೆತು. ನೀರು ಕೊಟ್ಟರೆ ನಿಂತೇ ಕುಡಿದು ನೇರ ಕಂಪ್ಯೂಟರಿನ ಮುಂದೆ ಕೂತ. ಸಣ್ಣದನ್ನು ಬಿಚ್ಚಿ, ಪೇಸ್ಟ್ ಒರೆಸಿ, ದೊಡ್ಡದನ್ನು ಕೂರಿಸಿ, ಬಾಗಿಲು ಹಾಕಿದ. ಬಾಗಿಲು ಸಲೀಸಾಗಿ ಮುಚ್ಚಿಕೊಂಡಿತು. ಇನ್ನೂ ಒಂದು ಬೆರಳಷ್ಟು ಜಾಗವೇ ಇತ್ತು.

"ಏನಪ್ಪಾ, ನನ್ನ ಅಳತೆ ತಪ್ಪಾಯ್ತಾ?" ಎಂದು ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು.

"ನಿಮ್ಮದು ಸರಿ ಅಜ್ಜಿ. ಒಂದ್ಸಲ ಕೈ ಕೊಡ್ತೀರಾ?"

ಅಜ್ಜಿ ಮೇಜಿನ ಮೇಲೆ ಗೇಣು ಹಾಕಿದಳು. ಪಕ್ಕದಲ್ಲಿ ನಾನು ಹಾಕಿದೆ. ಅಜ್ಜಿಯ ಕಿರುಬೆರಳು ನನ್ನದನ್ನು ದಾಟಿ ಬಹಳ ದೂರ ಹೋಗಿತ್ತು. ನಾಟಿ ಮಾಡಿದ, ಹಾಲು ಕರೆದ, ರಾಗಿ ಬೀಸಿದ ಕೈ ಅದು. ಬಣ್ಣದ ಪೆನ್ನು ಹಿಡಿದ ಕೈ ನನ್ನದು.

"ಅಚ್ಚು ನಿನ್ನ ಕೈ ಹಾಗೇ ಅಂತಿದ್ದೆಯಲ್ಲ ಅಜ್ಜಿ," ಎಂದೆ.

"ರೇಖೆ ಹೇಳಿದ್ದು ಕಣೇ ಮಾರಾಯ್ತಿ, ಉದ್ದ ಅಲ್ಲ," ಎಂದು ನಗುತ್ತಾ ಅವಳು ಮಜ್ಜಿಗೆ ತರಲು ಒಳಗೆ ಹೋದಳು.

ಕಂಪ್ಯೂಟರ್ ಆನ್ ಮಾಡಿದೆವು. ಹುಡುಗಿ ಮತ್ತೆ ಸೆರಗು ಒಡ್ಡಿದಳು. ಅರವತ್ತೆಂಟು. ಎಪ್ಪತ್ತೊಂದು. ಎಪ್ಪತ್ತಮೂರು. ಅಲ್ಲೇ ನಿಂತಿತು. ಮೊದಲ ಕೆಂಡ ಸೆರಗಿಗೆ ಬಿತ್ತು.

"ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತೆ," ಎಂದ ಅವನು. ಆಮೇಲೆ ಪರದೆಯನ್ನೇ ನೋಡುತ್ತಾ, "ಒಂದು ಮಾತು ಹೇಳ್ಬೇಕು. ನೀವು ತೋರಿಸಿದ ಫೋಟೋದಲ್ಲಿ ಕ್ಯಾಬಿನೆಟ್ ಮಾಡೆಲ್ ಹೆಸರು ಕಾಣ್ತಿತ್ತು. ನೆಟ್ಟಲ್ಲಿ ಹಾಕಿದ್ರೆ ಅಳತೆ ಅಲ್ಲೇ ಬರ್ತಿತ್ತು. ಗೇಣು ಅಳೆಯೋ ಅಗತ್ಯ ಇರ್ಲಿಲ್ಲ."

"ಮತ್ತೆ ಯಾಕೆ ಅಳೆದ್ರಿ?"

"ನೀವು ಅಷ್ಟು ಬೇಗ ಹೋಗೋದು ಬೇಡ ಅನ್ನಿಸ್ತು." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನಿಮ್ಮ ಕೈ ನೋಡ್ಬೇಕು ಅನ್ನಿಸ್ತು. ಸ್ವಂತ ಓವರ್‌ಕ್ಲಾಕ್ ಮಾಡಿ, ರಾಕ್ಷಸಿ ಕಥೆ ಹೇಳೋರು ನಮ್ಮ ಅಂಗಡಿಗೆ ದಿನಾ ಬರಲ್ಲ. ಸಣ್ಣದೂ ತಡೆಯುತ್ತೆ ಅಂದ್ಕೊಂಡೆ. ತಡೀಲಿಲ್ಲ."

ಇಂಥ ಮಾತನ್ನು ಯಾರಾದರೂ ಹೇಳಲಿ ಎಂದು ನಾನು ಬಹಳ ಕಾದಿದ್ದೆ. ಕನಸಿನಲ್ಲಿ ಅದನ್ನು ಕೇಳಿ ಕೆಂಪಾಗುತ್ತಿದ್ದೆ. ಈಗ ಕೇಳಿದಾಗ ಮೊದಲು ಬಂದದ್ದು ಸಿಟ್ಟು.

"ಎರಡು ದಿನ ಹೋಯ್ತು ನನಗೆ," ಎಂದೆ. "ಇದು ಶನಿವಾರಕ್ಕೆ ಮುಗೀದಿದ್ರೆ ನಾನು ಸೋಮವಾರ ಬ್ಯಾಂಕಿನ ಬಡ್ಡಿ ಲೆಕ್ಕ ಕಲೀತಾ ಇರ್ತಿದ್ದೆ. ನಿಮಗೆ ಅದು ಗೊತ್ತಿತ್ತು. ನಾನೇ ಹೇಳಿದ್ದೆ."

"ಗೊತ್ತಿತ್ತು. ತಪ್ಪಾಯ್ತು."

"ಕೈ ನೋಡ್ಬೇಕು ಅನ್ನಿಸಿದ್ರೆ ಕೇಳ್ಬೇಕಿತ್ತು."

"ಕೇಳಿದ್ರೆ ತೋರಿಸ್ತಿದ್ರಾ?"

ತೋರಿಸುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಸ್ವಲ್ಪ ಹೆಚ್ಚಾಯಿತು. ಅಜ್ಜಿ ತಂದ ಮಜ್ಜಿಗೆ ಕುಡಿದು, ಲೋಟವನ್ನು ತಾನೇ ಬಚ್ಚಲಿಗಿಟ್ಟು ಅವನು ಹೊರಟ. ಗೇಟಿನ ತನಕ ಹೋಗಿ ತಿರುಗಿ, "ಎಂಬತ್ತು ದಾಟಿದ್ರೆ ಫೋನ್ ಮಾಡಿ. ಸಿಟ್ಟಿದ್ರೂ ಮಾಡಿ," ಎಂದ.

ದಾಟಲಿಲ್ಲ. ಫೋನ್ ಮಾಡಲು ನೆಪ ಸಿಗಲಿಲ್ಲ. ಶಾಖ ಎಪ್ಪತ್ತೈದಕ್ಕೆ ಏರಿದಾಗೆಲ್ಲ, ಇನ್ನು ಸ್ವಲ್ಪ ಏರಬಾರದೇ ಎಂದು ಒಂದು ಹುಚ್ಚು ಆಸೆ ಬಂದು ಹೋಗುತ್ತಿತ್ತು.

ಶನಿವಾರ ಊಟದ ಹೊತ್ತಿಗೆ ಕೆಂಡ ಮನೆ ತಲುಪಿತು, ಒಲೆ ಹೊತ್ತಿತು, ಕಥೆ ಮುಗಿಯಿತು. ಅಜ್ಜಿ, ಅಮ್ಮ, ನಾನು ಮೂವರೂ ಕೂತು ನೋಡಿದೆವು. ತನ್ನ ದನಿ ಕೇಳಿ ಅಜ್ಜಿ ಬೇರೆ ಯಾರದೋ ಕಥೆ ಎನ್ನುವಂತೆ "ಆಮೇಲೆ?" ಎಂದಳು. ಅಮ್ಮ ಕಣ್ಣೊರೆಸಿಕೊಂಡು ಹಾಲು ಕಾಯಿಸಲು ಹೋದಳು. ನಾನು ಮೈಸೂರಿಗೆ ಕಳಿಸಿದೆ.

*

ವಾರ ಕಳೆದ ಮೇಲೆ ಮೈಸೂರಿನಿಂದ ಉತ್ತರ ಬಂತು. ಮರುದಿನ ಸಣ್ಣ ಕೂಲರನ್ನು ಡಬ್ಬಿಯಲ್ಲಿ ಹಾಕಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ.

ತ್ರಿವಿಕ್ರಮ ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಏನನ್ನೋ ಇಳಿಸುತ್ತಿದ್ದ. ನನ್ನನ್ನು ಕಂಡು ಹಾಗೇ ನಿಂತ.

"ಇಳಿಯೋ ಮಾರಾಯ, ಬೀಳ್ತೀಯ," ಎಂದರು ವಿಶ್ವಾರಾಧ್ಯರು. ನಂತರ ನನ್ನತ್ತ ತಿರುಗಿ, "ಪೇಸ್ಟ್ ಹಚ್ಚಿದ್ದನ್ನ ನಾನು ವಾಪಸ್ ತಗೊಳ್ಳಲ್ಲಮ್ಮ. ಇದರ ದುಡ್ಡು ಅವನೇ ಕೊಟ್ಟಿದಾನೆ, ಅವನ ಸಂಬಳದಲ್ಲಿ. ಅವನ ಮನೇಲಿ ಕಂಪ್ಯೂಟರ್ರೇ ಇಲ್ಲ, ಕೇಳ್ನೋಡಿ," ಎಂದು ಚಾ ಕುಡಿಯಲು ಕೆಳಗೆ ಹೋದರು. ಅವರು ಆಗಷ್ಟೇ ಕುಡಿದಿಟ್ಟ ಲೋಟ ಮೇಜಿನ ಮೇಲಿತ್ತು.

"ಏನಂದ್ರು ಮೈಸೂರಿನವರು?"

"ಇನ್ನೊಂದು ಕಥೆ ಕಳಿಸಿ ಅಂದ್ರು. ಅದು ಹಿಡಿಸಿದ್ರೆ ವರ್ಷದ ಕೆಲಸ ಬರೆದುಕೊಡ್ತಾರಂತೆ."

"ಕೋಚಿಂಗ್?"

"ಅಮ್ಮ ಪಾಂಪ್ಲೆಟಲ್ಲಿ ಜೀರಿಗೆ ಪೊಟ್ಟಣ ಕಟ್ಟಿದಾಳೆ."

ಅವನು ನಕ್ಕು, ತಕ್ಷಣ ನಗು ನಿಲ್ಲಿಸಿ, "ಸಿಟ್ಟು ಹೋಯ್ತಾ?" ಎಂದು ಕೇಳಿದ.

"ಅರ್ಧ."

"ಉಳಿದರ್ಧಕ್ಕೆ ಏನು ಮಾಡ್ಬೇಕು?"

ಇದಕ್ಕೆ ಉತ್ತರವನ್ನು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡೇ ಬಂದಿದ್ದೆ.

"ಭಾನುವಾರ ಅಜ್ಜಿ ದನಿ ರೆಕಾರ್ಡ್ ಮಾಡ್ಬೇಕು. ಮನೇಲಿ ಫ್ಯಾನ್ ಹಾಕಿದ್ರೆ ಅದರ ಸದ್ದು ಮೈಕಿಗೆ ಬರುತ್ತೆ. ಕಿಟಕಿ ತೆಗೆದ್ರೆ ಬೀದಿ ಸದ್ದು. ಹೋದ ಸಲ ಅಜ್ಜಿ ಬೆವೆತು ಅರ್ಧ ಕಥೆಗೇ ಎದ್ದುಬಿಟ್ಲು. ಯಾರಾದ್ರೂ ಪಕ್ಕದಲ್ಲಿ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕ್ಬೇಕು. ಸದ್ದು ಮಾಡದ ಹಾಗೆ."

ತ್ರಿವಿಕ್ರಮ ಸ್ಟೂಲಿನಿಂದ ಇಳಿದು ಕೌಂಟರಿನ ಆ ಬದಿಗೆ ಬಂದು ನಿಂತ. ಕನ್ನಡಕ ಹಣೆಗೇರಿಸಲಿಲ್ಲ. ಈ ಸಲ ಸರಿಯಾಗಿಯೇ ನೋಡಿದ.

"ಬರ್ತೀನಿ," ಎಂದ. "ಅಜ್ಜಿಗೆ ಮಾತ್ರ ಬೀಸಬೇಕಾ, ಅಕ್ಷಯಾ?"

"ಮೊದಲು ಅಜ್ಜಿಗೆ," ಎಂದೆ.