ದೀಪದ ಹೊತ್ತಿಗೆ ಅಹಮದಾಬಾದಿನಿಂದ

"ನಮ್ಮ ಗುಬ್ಬಿ ಊರಿಗೆ ಯಾವಾಗಪ್ಪಾ ವಿಮಾನ ನಿಲ್ದಾಣ ಬಂತು?!"

ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಫಿ ಸೋಸುತ್ತಿದ್ದ ಅಪರ್ಣ ಗೋಡೆಯನ್ನೇ ಕೇಳಿದ್ದಳು.

ಹಿಂದಿನಿಂದ ಕೆಮ್ಮು ಕೇಳಿಸಿತು. ತಿರುಗಿದರೆ... ಶಮಂತ್! ಕುಣಿಗಲ್ಲಿನಿಂದ ಅವಳನ್ನು ನೋಡಲು ಬಂದಿದ್ದ ಗಂಡು. ಕೆಲಸ ಮಾತ್ರ ಅಹಮದಾಬಾದಿನ ಬಟ್ಟೆ ಗಿರಣಿಯಲ್ಲಿ.

"ಕೈ ತೊಳ್ಕೊಳೋಕೆ ಬಂದೆ..."

"ಅಪ್ಪನ ಹತ್ರ ಎರಡೇ ಗಂಟೆ ದಾರಿ ಅಂದ್ರಲ್ಲ?"

"ವಿಮಾನಕ್ಕೆ ಅಷ್ಟೇ ರೀ. ಹೆಚ್ಚು ಕಮ್ಮಿ ಸಾವಿರದ ಇನ್ನೂರು ಕಿಲೋಮೀಟರ್."

"ಇಲ್ಲಿಂದ ದೇವನಹಳ್ಳಿ ಏರ್‌ಪೋರ್ಟಿಗೆ? ಅಲ್ಲಿ ಕಾಯೋದು? ಅದೆಲ್ಲ ದೇವರ ಲೆಕ್ಕಾನಾ?"

ಅವನ ಮುಖ ಕೆಂಪಾಯಿತು.

ಆ ಮನೆಯಲ್ಲಿ ಒಂದು ಮಾತಿತ್ತು. ಮಗಳು ಗಂಡನ ಮನೆಯಲ್ಲಿ ತಿಂಡಿ ತಿಂದು ಹೊರಟರೆ, ತವರಲ್ಲಿ ದೀಪ ಹಚ್ಚುವ ಹೊತ್ತಿಗೆ ಬಂದು ಸೇರಬೇಕು. ಅದಕ್ಕಿಂತ ದೂರಕ್ಕೆ ಅವಳಪ್ಪ ಅನಂತರಾಮಯ್ಯ ಹೆಣ್ಣು ಕೊಡುವವರಲ್ಲ.

"ನಿಮ್ಮಪ್ಪ ಬೇಡ ಅಂದ್ಬಿಟ್ರೆ ಅಂತ ಭಯ ಆಯ್ತು... ನಿಮ್ಮನ್ನ ನೋಡಿದ್ಮೇಲೆ."

ಅಪರ್ಣ ಕಾಫಿ ಸೋಸುವುದನ್ನು ನಿಲ್ಲಿಸಿದಳು. 'ಇಷ್ಟು ಚೆಂದ ಮಾತಾಡೋನು ಸುಳ್ಳು ಯಾಕೆ ಹೇಳ್ದ?'

"ಸುಳ್ಳು ಹೇಳೋರ ಜೊತೆ ನಾನು ಬರಲ್ಲ."

"ಹಾಗಾದ್ರೆ ಮುಂದಿನ ಭಾನುವಾರ ಅಹಮದಾಬಾದಲ್ಲಿ ತಿಂಡಿ ತಿಂದು ಹೊರಡ್ತೀನಿ. ದೀಪದ ಹೊತ್ತಿಗೆ ನಿಮ್ಮ ಬಾಗಿಲಲ್ಲಿ ಇರ್ತೀನಿ, ನೋಡಿ!"

ಭಾನುವಾರ ವಿಮಾನ ತಡವಾಗಿ ಹೊರಟಿತು. ಸಂಜೆ ಅವನದೊಂದು ಮೆಸೇಜ್: 'ಇನ್ನೂ ದಾಬಸ್‌ಪೇಟೆ ದಾಟಿಲ್ಲ. ಲಾರಿಗಳ ಮಧ್ಯೆ ಸಿಕ್ಕೊಂಡಿದೀನಿ.'

ಕತ್ತಲಾಯಿತು. ಅವಳು ದೀಪ ಹಚ್ಚಿದಳು. 'ಬರಲಿಲ್ಲವಲ್ಲಾ...'

ಊಟದ ಹೊತ್ತಿಗೆ ಅವನು ಬಂದ. ಧೂಳು ತುಂಬಿದ ತಲೆ, ಹೆಗಲಲ್ಲಿ ಚೀಲ. ಹೊಸಿಲ ಆಚೆಯೇ ನಿಂತ.

"ಸಾರ್, ಅವತ್ತು ಹಾರೋ ಹೊತ್ತು ಮಾತ್ರ ಹೇಳ್ದೆ. ರಸ್ತೆ ಹೊತ್ತು ಮುಚ್ಚಿಟ್ಟೆ. ತಪ್ಪಾಯ್ತು."

ಅನಂತರಾಮಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು.

ಅಪರ್ಣಳ ಅಮ್ಮ ಪದ್ಮಮ್ಮ ಮಜ್ಜಿಗೆ ತಂದರು. "ಏನ್ರೀ, ಬಾಯಿ ಕಟ್ಟೋಯ್ತಾ? ಮದುವೆಯಾದ ಹೊಸದರಲ್ಲಿ ಇಲ್ಲೇ ಹತ್ತಿರದ ನನ್ನ ತವರು ಊರ್ಡಿಗೆರೆಗೆ ಕರ್ಕೊಂಡು ಹೋದ್ರಲ್ಲ, ಇದ್ದೊಂದು ಬಸ್ಸೂ ಕೆಟ್ಟು ಹೋಗಿ ನಮ್ಮಪ್ಪನ ಮನೆ ಸೇರಿದ್ದು ಮಾರನೇ ದಿನ! ಅದ್ಯಾವ ವಿಮಾನದ ದಾರಿ?"

"ಅದು... ಬಸ್ಸಿನ ತಪ್ಪು ಕಣೇ."

"ಪಾಪ, ಈ ಹುಡುಗನದು ಲಾರಿಗಳ ತಪ್ಪು!"

ಅನಂತರಾಮಯ್ಯನವರಿಗೆ ನಗು ತಡೆಯಲಾಗಲಿಲ್ಲ. "ತಪ್ಪು ಒಪ್ಕೊಂಡನಲ್ಲ, ಅದು ದೊಡ್ಡದು. ನನ್ನದೇನೂ ಅಡ್ಡಿಯಿಲ್ಲ. ಇನ್ನು ಅವಳುಂಟು, ಅವನುಂಟು," ಎಂದು ಹೆಂಡತಿಯೊಡನೆ ಒಳಗೆ ಹೋದರು.

ಜಗುಲಿಯಲ್ಲಿ ಇಬ್ಬರೇ ಉಳಿದರು.

"ಅಪರ್ಣ, ಇವತ್ತು ದಾರಿಯುದ್ದಕ್ಕೂ ಯೋಚನೆ ಮಾಡ್ದೆ... ನಿಮ್ಮಮ್ಮನಿಗೆ ಜ್ವರ ಅಂತ ಫೋನ್ ಬಂದ್ರೆ ನೀವು ಹೀಗೇ ಒದ್ದಾಡ್ಬೇಕು. ನಿಜವಾಗ್ಲೂ ದೂರ ರೀ. ನಾನು ಬೇಡ ಅಂತ ಒಂದು ಮಾತು ಹೇಳ್ಬಿಡಿ. ಬೇಜಾರು ಮಾಡ್ಕೊಳಲ್ಲ."

ಅವಳು ಅವನನ್ನೇ ನೋಡಿದಳು. 'ಅಷ್ಟು ದೂರದಿಂದ ಬಂದಿದ್ದು ಇದನ್ನ ಕೇಳೋಕಾ?!' ಕಣ್ಣು ತುಂಬಿತು, ನಗುವೂ ಬಂತು.

"ಹೇಳಿ ರೀ... ಒಂದೇ ಮಾತು."

"ಹೇಳಲ್ಲ!"